ಒಂಬತ್ತನೇ ಹಾಸಿಗೆ

ಫರ್ವಾನಿಯಾ ಆಸ್ಪತ್ರೆ, ರಾತ್ರಿ ಪಾಳಿ.
ಬಿಪಿ ಪಟ್ಟಿ ಸುತ್ತುವ ನನ್ನ ಕೈಯನ್ನೇ ನೋಡುತ್ತ
ಮುದುಕ ಕೇಳಿದ: "ಮಲಬಾರಿಯಾ?"

ಇಲ್ಲ ಬಾಬಾ.

ಕುವೈತಿನಲ್ಲಿ ಬಿಳಿ ಬಟ್ಟೆ ತೊಟ್ಟವರೆಲ್ಲ ಮಲಬಾರಿ.
ಏಲಿಯಮ್ಮ ಸಿಸ್ಟರ್ ಕೂಡ ಮೊದಲ ವರ್ಷವೆಲ್ಲ
ನನ್ನನ್ನು ಮಲಯಾಳದಲ್ಲೇ ಬೈದಳು.
ಬೈಗುಳ ನನಗೆ ಅರ್ಥವಾದ ದಿನ
ಚಹಾ ಕೊಡಿಸಿದಳು.

"ಹಾಗಾದರೆ ಹಿಂದಿ."
ಹೌದು, ಹಿಂದಿ.
ಹಿಂದಿಯೇ ನೆಟ್ಟಗೆ ಬಾರದ ಹಿಂದಿ.
ಆಂಬುಲೆನ್ಸಿನ ಬಲ್ಕಾರನಿಗೆ ಮದ್ರಾಸಿ,
ಸೇಲಂ ನರ್ಸಿಂಗ್ ಹಾಸ್ಟೆಲಿನಲ್ಲಿ ಮೈಸೂರುಕಾರಿ.
ಕೊಳ್ಳೇಗಾಲದ ಬಸ್ಸಿನಲ್ಲಿ ಅಮ್ಮ ತಮಿಳಿನಲ್ಲಿ ಗದರಿದ್ದಕ್ಕೆ
ಪಕ್ಕದಾಕೆ ಸೆರಗು ಎಳೆದುಕೊಂಡು
"ನೀವು ಆ ಕಡೇರಾ?"

ಯಾವ ಕಡೆ?
ನಮ್ಮ ಮೇಕೆಗಳು ಬೆಳಿಗ್ಗೆ ಗಡಿ ದಾಟಿ
ಸಂಜೆ ಮರಳುತ್ತಿದ್ದವು.
ಮೇಕೆ ಎಂದಷ್ಟೇ ಕರೆದರು ಅವನ್ನು, ಎರಡೂ ಕಡೆ.

ನಾಲ್ಕನೇ ಕ್ಲಾಸು, ಪುಟ್ಟಮಾದಪ್ಪ ಮೇಷ್ಟ್ರು.
ಹಲಗೆಯ ಮೇಲೆ: ಕನ್ನಡಿಗ. ಸ್ತ್ರೀಲಿಂಗ ಹೇಳು ಸಗಾಯ ಮೇರಿ.
ಎದ್ದು ನಿಂತು "ಕನ್ನಡಿ" ಅಂದೆ.
ಕ್ಲಾಸಿಗೆ ಕ್ಲಾಸೇ ನಕ್ಕಿತು.
"ಕನ್ನಡತಿ" ಎಂದು ಹತ್ತು ಸಲ ಬರೆಸಿದರು.
ಬರೆದೆ. ಕರೆದವರು ಮಾತ್ರ
ಇವತ್ತಿಗೂ ಯಾರೂ ಇಲ್ಲ.

"ಮತ್ತೆ ಎಲ್ಲಿಯವಳು ನೀನು?"
ಕರ್ನಾಟಕ.
ಆ ಪದ ಅವನ ಕಿವಿಯಲ್ಲಿ
ದಡ ಕಾಣದೆ ತಿರುಗಿತು.
ಬೆಂಗಳೂರು? ಉಹುಂ. ಮೈಸೂರು? ಸುಮ್ಮನಾದ.
ಸಾಕಾಗಿ, ನಾನೇ ಕಂಡಿರದ ಊರೊಂದನ್ನು ಹೇಳಿದೆ:
ಮಂಗಳೂರು.

ಮುದುಕ ಎದ್ದೇ ಕೂತ, ಸಲೈನ್ ನಳಿಗೆ ಜಗ್ಗಿತು.
"ಮಂಗಲೋರ್!"
ಎರಡು ಅಂಗೈ ಇಳಿಜಾರಾಗಿ ಜೋಡಿಸಿ
ಮಾಡು ಕಟ್ಟಿ ತೋರಿಸಿದ.
ಹದಿನಾಲ್ಕರ ಹುಡುಗ, ಹಾಯಿಹಡಗು,
ಖರ್ಜೂರ ಇಳಿಸಿ ಹಂಚು ಹೇರಿದ್ದಂತೆ.
ಒಂದು ಹಂಚು ಕೈಜಾರಿ ಒಡೆದದ್ದಕ್ಕೆ
ಏಟು ಬಿದ್ದ ಕಿವಿಯನ್ನು ಮುಟ್ಟಿ ನಕ್ಕ.

ಆಮೇಲೆ ಇಡೀ ರಾತ್ರಿ,
ಮಂಗಲೋರಿ, ನೀರು.
ಮಂಗಲೋರಿ, ದೀಪ ಆರಿಸು.
ಮಂಗಲೋರಿ, ಇದ್ದೀಯಾ?

ಬಾಬಾ, ನಾನು ಕಲ್ಲುನೆಲದವಳು,
ಕಡಲು ಮೊದಲು ಕಂಡದ್ದು ವಿಮಾನದ ಕಿಟಕಿಯಿಂದ
ಎನ್ನಬೇಕೆಂದುಕೊಂಡೆ.
"ಇದ್ದೀನಿ" ಎಂದೆ.

ಬೆಳಿಗ್ಗೆ ಆರೂವರೆ, ಪಾಳಿ ಒಪ್ಪಿಸುವಾಗ ಏಲಿಯಮ್ಮನಿಗೆ:
ಒಂಬತ್ತನೇ ಹಾಸಿಗೆ. ಜ್ವರ ಇಳಿದಿದೆ.
ನೀರು ಎರಡು ಲೋಟ.
ಕರೆಯುತ್ತಾರೆ, ಓ ಅನ್ನಿ.