ಸಾಡೇ ಆರು

ಬನಹಟ್ಟಿ ಸೀರಿ ಬಾಕ್ಸಿನ ಮುಚ್ಚಳ,
ಅದರ ಮ್ಯಾಲ ಊಟದ ತಾಟು ಬೋರಲ ಹಾಕಿ ಗೀರಿದ ದುಂಡು,
ಕಸಬರಿಗಿ ಕಡ್ಡಿ ಎರಡು, ನನ್ನ ಹಳೇ ಸ್ವೆಟರಿನ ಗುಂಡಿ ಒಂದು.
ಇಷ್ಟ ನಮ್ಮ ಮೂರನೇ ಇಯತ್ತೆಯ ಗಡಿಯಾರ.

ಗುಂಡಿ ಸಡಲ. ಎತ್ತಿ ಹಿಡಿದ ಕೂಡಲೇ
ಎರಡೂ ಮುಳ್ಳು ಜೋತು ಕೆಳಗ ಬೀಳ್ತಾವು,
ಪಾಳಿ ಮುಗಿಸಿ ಬಂದವರ ಕೈ ಹಂಗ.

ಸಣ್ಣ ಮುಳ್ಳು ತಾಸು, ದೊಡ್ಡದು ನಿಮಿಷ, ಅಂತೀನಿ.
‘ದೊಡ್ಡದಕ್ಕ ಸಣ್ಣ ಕೆಲಸ ಯಾಕ್ರಿ ಅಕ್ಕೋರ?’
ಕಾಡಪ್ಪ ಕೇಳ್ತಾನ.
ಆರರ ಮ್ಯಾಲ ನಿಂತ್ರ ಮೂವತ್ತು ಅನ್ನಬೇಕಂತ,
ಆರಕ್ಕ ಆರ ಅಂದ್ರ ಏನಾಗ್ತೈತಿ?
ಉತ್ತರ ಇಲ್ಲದ್ದಕ್ಕ ಐದರ ಮಗ್ಗಿ ಕೂಗಸ್ತೀನಿ.
ಹೊರಗ ಮಗ್ಗ, ಒಳಗ ಮಗ್ಗಿ,
ಖಟ್ ಖಟ್ ಐದಾರ್ಲೆ, ಖಟ್ ಖಟ್ ಐದೇಳ್ಲೆ,
ಯಾವ ದನಿ ಯಾರದಂತ ತಿಳಿಯಂಗಿಲ್ಲ.

ಪುಸ್ತಕದಾಗ ಎರಡೂವರೆ. ಇವರ ಮನ್ಯಾಗ ಅಡೀಚ.
ಒಂದೂವರೆ ಅಂದ್ರ ನಗತಾರ, ದೀಡ ಅಂದ್ರ ಕೈ ಎತ್ತತಾರ.
ಎರಡನ್ನೂ ಹಲಗಿ ಮ್ಯಾಲ ಬರೀತೀನಿ,
ಸಾಹೇಬ್ರು ಬರೂ ದಿನ ಒಂದನ್ನ ಒರಸ್ತೀನಿ.

ನಿನ್ನೆ ಹನ್ನೊಂದರ ಸುಮಾರು ಕರೆಂಟು ಹೋತು.
ಓಣಿಗೆ ಓಣೀನ ಮಗ್ಗ ನಿಂತವು.
ಆಗ ಕೇಳಸ್ತು, ಹೆಡ್ ಮಾಸ್ತರ ಖೋಲಿಯ ಗೋಡೆ ಗಡಿಯಾರ,
ಟಿಕ್,
ಟಿಕ್.
ಈ ಸಾಲಿಗೆ ಬಂದು ಆರು ವರ್ಷ,
ಅದಕ್ಕೂ ದನಿ ಐತಂತ ನನಗ ಗೊತ್ತಿದ್ದಿಲ್ಲ.
ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದ್ರು,
ಮನಿಗೆ ಗುರುತಿಲ್ಲದ ಬೀಗರು ಬಂದಂಗ.

ಯಾವತ್ತೂ ಬಾಯಿ ತೆರೀದ ಸಾವಕ್ಕ
ಎದ್ದು ಬಂದು, ಜೋತ ಮುಳ್ಳಿನ ಮ್ಯಾಲ ಬೆರಳಿಟ್ಟು ಅಂದ್ಲು:
‘ಸಾಡೇ ಆರ್ರಿ. ನಮ್ಮವ್ವ ಕಂಡಿಕಿ ಸುತ್ತಿ ಬರೂ ಹೊತ್ತು.’

ಶಾಬಾಸ್ ಅಂದೆ. ಅಲ್ಲಿಗೇ ಬಿಡಬೇಕಿತ್ತು.
ಅಕ್ಕೋರ ಬಾಯಿ, ಸುಮ್ಮನಿರಂಗಿಲ್ಲ:
‘ಸಾಡೇ ಆರಕ್ಕ ಸಣ್ಣ ಮುಳ್ಳು ಆರರ ಮ್ಯಾಲ ಇರಂಗಿಲ್ಲ ಸಾವಕ್ಕ,
ಏಳರ ಕಡೆ ಅರ್ಧ ದಾರಿ ಹೋಗಿರ್ತೈತಿ. ಸರಸು ನೋಡೂಣು.’

ಸರಸಲಿಲ್ಲ. ಬೆರಳು ಒತ್ತೇ ಹಿಡದ್ಲು.
‘ಏಳರ ಕಡೆ ಹೋದ್ರ ಅವ್ವಗ ತಡಾ ಆಗ್ತೈತ್ರಿ.’

ಕರೆಂಟು ಬಂತು. ಟಿಕ್ ಟಿಕ್ ಮತ್ತ ಮುಳುಗಿ ಹೋತು.
ಗುಂಡಿ ಬಿಗಿಯಾಕಂತ ತಂದಿದ್ದ ಸೂಜಿ ದಾರ
ಪರ್ಸಿನ್ಯಾಗ ಹಂಗ ಐತಿ.
ಕಾಡಪ್ಪ ಕೇಳಾಕತ್ತಾನ,
ಊಟದ ಗಂಟಿ ಹೊಡ್ಯೂದು ಯಾವ ಮುಳ್ಳಿನ ಕೆಲಸಾರಿ?