ಪೇಪರ್‌ವೇಟು

ನನ್ನ ಮೇಜಿನ ಮೇಲೊಂದು ಕಲ್ಲಿದೆ,
ಕೋಳಿಮೊಟ್ಟೆಗಿಂತ ತುಸು ಸಣ್ಣದು, ಇಟ್ಟಂಗಿಯ ಬಣ್ಣ.
ಕಾರವಾರದ ಗಾಳಿಗೆ ಫೈಲು ಓದುವ ಚಟ;
ನಾಲ್ಕು ಗಂಟೆಯಾದರೆ ಕಡಲ ಕಡೆಯ ಕಿಟಕಿಯಿಂದ ನುಗ್ಗಿ
ಅರ್ಜಿಗಳ ಪುಟ ತಿರುವುತ್ತದೆ, ನನಗಿಂತ ಬೇಗ.

ಕೈಗಾರಿಕಾ ಕೇಂದ್ರದಲ್ಲಿ ದ್ವಿತೀಯ ದರ್ಜೆ ಸಹಾಯಕ ನಾನು.
ಈ ಜಿಲ್ಲೆಯಲ್ಲಿ ಹುಟ್ಟಬೇಕಾದ ಕಾರ್ಖಾನೆಗಳೆಲ್ಲ
ಮೊದಲು ನನ್ನ ಟ್ರೇಯಲ್ಲಿ ಮಲಗಿ ಏಳಬೇಕು:
ಮುರುಗಲು ಶರಬತ್ತು, ಬಲೆಗೆ ಕಟ್ಟುವ ಸೀಸದ ಗುಂಡು,
ಹೊನ್ನಾವರದವನೊಬ್ಬನ ನಾರಿನ ಕಾಲೊರಸು,
ಒಣಸೀಗಡಿಯ ಚಟ್ನಿಪುಡಿ. ಮಾದರಿಗೆಂದು ತಂದಿಟ್ಟದ್ದು
ಊಟದ ಹೊತ್ತಿಗೆ ಖಾಲಿಯಾಗಿತ್ತು, ಅದು ಬೇರೆ ವಿಷಯ.

ಗಣಪಿ ಮಾಸ್ತಿ ಪಟಗಾರ, ವಾಲಗಳ್ಳಿ, ಕುಮಟಾ ತಾಲೂಕು.
ಉದ್ದೇಶ: ಗೇರುಬೀಜ ಸಂಸ್ಕರಣೆ, ಮನೆಯ ಹಿಂದಿನ ಚಪ್ಪರದಲ್ಲಿ.
ಯಂತ್ರೋಪಕರಣ: ಕಾಲಲ್ಲಿ ಒತ್ತುವ ಕತ್ತರಿ ನಾಲ್ಕು, ಬೇಯಿಸುವ ಹಂಡೆ ಒಂದು.
ಅನುಭವ: ಹತ್ತೊಂಬತ್ತು ವರ್ಷ.
ಇಷ್ಟು ತುಂಬಿ ಪುಟ್ಟ ಯಂತ್ರವನ್ನು ಅವಳ ಕಡೆ ತಿರುಗಿಸಿದೆ,
ಬೆರಳಿಡಿ ಅಂದೆ.

ಕೆಂಪು ದೀಪ.
ಒರೆಸಿ ಇಡಿ. ಕೆಂಪು.
ಎಡಗೈ ಇಡಿ. ತೋರು, ನಡು, ಉಂಗುರ, ಕಿರು.
ಹತ್ತು ಸಲವೂ ಯಂತ್ರ ಹೇಳಿತು, ಇವಳು ಇವಳಲ್ಲ.
ಇವಳು ಎದುರಿಗೇ ನಿಂತು ಬೆವರೊರೆಸಿಕೊಳ್ಳುತ್ತಿದ್ದಳು.

"ಗೇರಿನ ಸೊನೆ," ಅಂದಳು. "ಬೂದಿ ಹಚ್ಚಿದ್ರೂ ಬಿಡೂದಿಲ್ಲ."
ಬೆರಳ ತುದಿಗಳನ್ನು ನನ್ನತ್ತ ಹಿಡಿದಳು:
ಕಪ್ಪಾಗಿ, ನುಣ್ಣಗಾಗಿ, ಹಳೆಯ ನಾಲ್ಕಾಣೆಯ ಹಾಗೆ,
ಯಾವ ಇಸವಿಯದೆಂದು ಹೇಳಲಾಗದಷ್ಟು ಸವೆದವು.

ಸುತ್ತೋಲೆ ಹುಡುಕಿದೆ. ಕಣ್ಣು ನೋಡುವ ಯಂತ್ರವೂ ಇದೆಯಂತೆ,
ರಿಪೇರಿಗೆ ಹುಬ್ಬಳ್ಳಿಗೆ ಹೋಗಿದೆಯಂತೆ.
ಎಲ್ಲ ತಿಳಿದವನ ಗತ್ತಿನಲ್ಲಿ ಹೇಳಿದೆ:
"ಒಂದು ತಿಂಗಳು ಬೀಜ ಮುಟ್ಟಬೇಡಿ. ಗೆರೆ ತಾನಾಗಿ ಮೂಡುತ್ತದೆ."
ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ.
"ತಿಂಗಳು ಕೆಲಸ ಬಿಟ್ರೆ ನಿಮ್ಮ ಶೇಕಡಾ ಐದು ಎಲ್ಲಿಂದ ತರೂದ್ರಾ?"

ಶೇಕಡಾ ಐದು ಅರ್ಜಿದಾರರ ಪಾಲು, ಮೂವತ್ತೈದು ಸರಕಾರದ್ದು,
ಉಳಿದದ್ದು ಬ್ಯಾಂಕಿನ ಸಾಲ.
ಕೈಪಿಡಿಯ ಹನ್ನೊಂದನೇ ಪುಟದಲ್ಲಿ ಎಲ್ಲ ಇದೆ,
ಚರ್ಮದ ಪಾಲು ಎಷ್ಟು ಎಂಬುದೊಂದು ಬಿಟ್ಟು.

ಆಮೇಲೆ ಸೆರಗಿನ ಗಂಟು ಬಿಚ್ಚಿ ಈ ಕಲ್ಲು ತೆಗೆದಳು.
ಟಾಂಜಾನಿಯಾದ ಗೋಣಿಯಲ್ಲಿ ಸಿಕ್ಕಿದ್ದು.
"ತೂಕಕ್ಕೆ ಹಾಕ್ತಾರೆ ಅಲ್ಲಿಯವ್ರು. ಸಾವ್ಕಾರ್ರು ಬಯ್ಕಂತಾರೆ,
ಬೀಜದ ದರ ಕೊಟ್ಟು ಕಲ್ಲು ತಂದಂಗಾಯ್ತು ಅಂತ.
ನಂಗೆ ಮಾತ್ರ, ಹಾಕಿದವಳ ಕೈ ಹೆಂಗಿತ್ತೇನ ಅನ್ಸ್ತದೆ."

ಆ ಕಲ್ಲು ಹಡಗು ಹತ್ತಿದೆ, ಮಂಗಳೂರಲ್ಲಿ ಇಳಿದಿದೆ,
ಸೀಲು ಹೊಡೆಸಿಕೊಂಡು ಲಾರಿಯಲ್ಲಿ ಮಲಗಿ ಕುಮಟೆಗೆ ಬಂದಿದೆ.
ಯಾರೂ ಅದರ ಹೆಬ್ಬೆರಳು ಕೇಳಲಿಲ್ಲ.
ಅವಳು ಬಿಡಿಸಿದ ಬೀಜ, ಪೌಂಡಿಗೆ ಮುನ್ನೂರ ಇಪ್ಪತ್ತು, ಒಂದೂ ಒಡೆಯದ್ದು,
ದುಬೈಗೆ, ರಾಟರ್‌ಡ್ಯಾಮಿಗೆ, ಯಾರದೋ ಮದುವೆಯ ತಟ್ಟೆಗೆ ಹೋಗಿದೆ.
ಅವಳು ದಾಟಬೇಕಾದ್ದು ನನ್ನ ಮೇಜು,
ಎರಡೂವರೆ ಅಡಿ ಅಗಲ.

ಆ ದಿನ ನಾನು ಮಾಡಿದ್ದು ದೊಡ್ಡದೇನಲ್ಲ.
ಷರಾ ಬರೆದೆ: ಅರ್ಜಿದಾರರು ಖುದ್ದು ಹಾಜರು, ಬೆರಳು ನೋಡಲಾಗಿದೆ,
ಗೆರೆ ಇಲ್ಲದಿರುವುದನ್ನೇ ಅನುಭವದ ದಾಖಲೆಯೆಂದು ಪರಿಗಣಿಸಬಹುದು.
ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು: ಸಾಹಿತ್ಯ ಬೇಡ.
ಕೆಳಗೆ, ಸಣ್ಣಕ್ಷರದಲ್ಲಿ: ಕಣ್ಣಿನ ಯಂತ್ರ ತರಿಸಿ.

ಯಂತ್ರ ಇನ್ನೂ ಹುಬ್ಬಳ್ಳಿಯಲ್ಲೇ ಇದೆ.
ಇವತ್ತಿಗೆ ನಲವತ್ತೊಂದು ದಿನ.
ಗಾಳಿ ಬಂದಾಗ ಉಳಿದ ಅರ್ಜಿಗಳೆಲ್ಲ ಏಳಲು ನೋಡುತ್ತಿದ್ದವು,
ಅವಳದು ಮಾತ್ರ ಕಲ್ಲಿನಡಿ, ಅಲುಗದೆ, ಭದ್ರವಾಗಿ.
ಮೊನ್ನೆ ಕಲ್ಲು ತೆಗೆದು ಬೇರೆ ಕಟ್ಟಿನ ಮೇಲಿಟ್ಟೆ.
ಹಾರಿ ನೆಲಕ್ಕೆ ಬೀಳಲಿ ಅವಳ ಹಾಳೆ,
ದಿನಕ್ಕೊಂದು ಸಲವಾದರೂ
ನಾನು ಬಗ್ಗಿ ಎತ್ತುವ ಹಾಗೆ.