ಎಣಿಸಿ ತಗೋ

ವಾರ್ಡಿನಲ್ಲಿ ಇಬ್ಬರು ತುಂಗಮ್ಮಂದಿರು.
ಹೊಳೆಯ ಹೆಸರನ್ನೇ ಹೆಣ್ಣುಮಕ್ಕಳಿಗಿಡುವ ಶಿವಮೊಗ್ಗದಲ್ಲಿ
ಇದೇನು ದೊಡ್ಡ ವಿಷಯವಲ್ಲ.
ಹದಿನಾಲ್ಕನೇ ಮಂಚದವಳು ನನ್ನ ಚಿಕ್ಕಮ್ಮ,
ಗಾಂಧಿ ಬಜಾರಿನ ತಿರುವಿನಲ್ಲಿ ಗೋಣಿತಾಟು ಹಾಸಿ
ನಲವತ್ತು ವರ್ಷ ವೀಳ್ಯದೆಲೆ ಮಾರಿದವಳು.
ಹತ್ತೊಂಬತ್ತರವಳು ಯಾರೋ,
ಹೊಸನಗರದ ಕಡೆಯವಳಂತೆ.

ನನ್ನ ಕೈಯಲ್ಲಿ ಮಗನ ಹಳೇ ಗಣಿತದ ನೋಟ್‌ಬುಕ್ಕು,
ಅರ್ಧ ಖಾಲಿ.
ಅವನ ಭಾಗಾಕಾರ ಮುಗಿದಲ್ಲಿಂದ ನನ್ನದು ಶುರು:
ಬೆಳಿಗ್ಗೆ ಆರು, ಬಿಳಿ ಗುಳಿಗೆ ಒಂದು, ತಿಂಡಿಗೆ ಮುಂಚೆ.
ಹತ್ತೂಕಾಲು, ಡ್ರಿಪ್ ಬದಲು. ಎಡಗೈ ಊದಿದೆ, ಹೇಳಿದೆ.
ಹನ್ನೆರಡು, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ.
ರಟ್ಟಿನ ಒಳಗಡೆ ದಪ್ಪಕ್ಷರ, ಅಡಿಗೆ ಎರಡು ಗೆರೆ:
ಸಲ್ಫಾ ಆಗುವುದಿಲ್ಲ.
ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದೇ ಮಾತ್ರೆಗೆ
ಅವಳ ಮುಖ ಗುರುತು ಸಿಗದಂತೆ ಬಾತಿತ್ತು.

"ನರ್ಸಿಂಗ್ ಓದಿದೀರಾ?" ಅಂದರು ರೌಂಡ್ಸಿಗೆ ಬಂದ ಡಾಕ್ಟರು,
ನಗುತ್ತಲೋ, ನಗದೆಯೋ, ಮಾಸ್ಕಿನ ಮೇಲೆ ತಿಳಿಯಲಿಲ್ಲ.
ಇಲ್ಲ ಸರ್. ಎಲೆ ಎಣಿಸಿದೀನಿ.
ಅಷ್ಟರಲ್ಲಿ ಅವರು ಪಕ್ಕದ ಮಂಚಕ್ಕೆ ಹೋಗಿದ್ದರು.

ನೂರು ಎಲೆಗೆ ಒಂದು ಕಟ್ಟು.
ಕಣ್ಣು ಗಿರಾಕಿಯ ಮೇಲೆ, ಬಾಯಲ್ಲಿ ಯಾರದೋ ಜೊತೆ ಜಗಳ,
ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ಎಣಿಸುತ್ತಿತ್ತು.
ಒಂದು ಕಮ್ಮಿಯಾದರೆ ತಾನೇ ನಿಲ್ಲುತ್ತಿತ್ತು.
ಮಾಲು ತಂದವರು ಎಷ್ಟೇ ದೊಡ್ಡವರಿರಲಿ
ಅವರೆದುರೇ ಕಟ್ಟು ಬಿಚ್ಚುವಳು.
"ನಂಬಿಕೆ ಇಲ್ವೇನಮ್ಮ?"
"ನಂಬಿಕೆ ಐತೆ. ಎಣಿಸಿದ ಮೇಲೂ ಇರ್ತದೆ."

ಅಪ್ಪನ ಹೊತ್ತಿಗೆ ಮಾತ್ರ
ಅದೇ ನಾವು, ಎಲೆ ಎಣಿಸುವ ಮನೆಯವರು,
ಆಸ್ಪತ್ರೆಯ ಮೆಟ್ಟಿಲಲ್ಲಿ ಚಪ್ಪಲಿಯ ಜೊತೆ
ನಾಲಿಗೆಯನ್ನೂ ಬಿಟ್ಟು ಒಳಗೆ ಹೋಗಿದ್ದೆವು.
ಯಾವ ಇಂಜೆಕ್ಷನ್, ಯಾಕೆ, ನಡುರಾತ್ರಿ ಮೈ ಯಾಕೆ ನಡುಗಿತು,
ಒಂದನ್ನೂ ಕೇಳಲಿಲ್ಲ.
ಕೇಳಿದ್ದರೆ ಉಳಿಯುತ್ತಿದ್ದನೋ, ಗೊತ್ತಿಲ್ಲ.
ಕೇಳಲಿಲ್ಲ ಅನ್ನುವುದಷ್ಟೇ ಗೊತ್ತು.

ರಾತ್ರಿ ಎಂಟು. ಸಿಸ್ಟರ್ ಲವೀನಾ ಟ್ರೇ ಹಿಡಿದು ಬಂದಳು.
ಬೆಳಗಿನ ಪಾಳಿಯೂ ಅವಳದೇ, ಬದಲಿಯವಳು ಬಂದಿಲ್ಲ.
"ತುಂಗಮ್ಮ?"
ಚಿಕ್ಕಮ್ಮ ನಿದ್ದೆಗಣ್ಣಲ್ಲೇ "ಹೂಂ" ಅಂದಳು,
ಹೆಸರು ಅವಳದೇ ತಾನೆ.
ತೋಳಿಗೆ ಸ್ಪಿರಿಟ್ಟು ಸವರಿಯೂ ಆಗಿತ್ತು.

"ಸಿಸ್ಟರ್, ಇದೇನು?"
"ಇನ್ಸುಲಿನ್."
"ನಮ್ಮವಳಿಗೆ ಸಕ್ಕರೆ ಕಾಯಿಲೆ ಇಲ್ಲ ಸಿಸ್ಟರ್,
ಬೆಲ್ಲ ಕದ್ದು ತಿನ್ನೋ ಕಾಯಿಲೆ ಒಂದೇ.
ಚೀಟಿ ನೋಡಿಬಿಡಿ ಒಂದ್ಸಲ. ಊರು ಕೇಳಿ. ವಯಸ್ಸು ಕೇಳಿ."
ಗಂಟಲು ಒಣಗಿತ್ತು. ಕೈ ಆಗಲೇ ಅಡ್ಡ ಹೋಗಿತ್ತು.

ಅವಳು ಸಿಡುಕಲಿಲ್ಲ.
ಕೇಸ್ ಶೀಟು ತಿರುವಿದಳು, ಇನ್ನೊಮ್ಮೆ ತಿರುವಿದಳು,
ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತೇಬಿಟ್ಟಳು,
ಹದಿನಾಲ್ಕು ಗಂಟೆಯಲ್ಲಿ ಮೊದಲ ಸಲ ಕೂತವಳ ಹಾಗೆ.
ನನ್ನ ಬಾಟಲಿಯ ನೀರು ಕೊಟ್ಟೆ. ಕುಡಿದಳು.
ಇಬ್ಬರೂ ಮಾತಾಡಲಿಲ್ಲ.
ಬೆಳಗಾಗುವಷ್ಟರಲ್ಲಿ ಎರಡೂ ಮಂಚಕ್ಕೆ ಕೆಂಪು ಪೆನ್ನಿನ ರಟ್ಟು ತೂಗುತ್ತಿತ್ತು:
ಇದೇ ಹೆಸರಿನವರು ಇನ್ನೊಬ್ಬರಿದ್ದಾರೆ.

ಅದು ಬೆಳಗಿನ ಮಾತು. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಹತ್ತೊಂಬತ್ತರವಳ ಪಕ್ಕದ ಸ್ಟೂಲು ಖಾಲಿ.
ಮೊದಲ ಬಸ್ಸಿಗೆ ಯಾರೋ ಬರುತ್ತಾರಂತೆ,
ಮೂರು ದಿನದಿಂದ ಬರುತ್ತಲೇ ಇದ್ದಾರೆ.
ಅವಳ ಸೂಜಿ ಅವಳಿಗೆ ಸಿಕ್ಕಿತೇ? ಉಂಡಳೇ?
ಎದ್ದು ಹೋಗಿ ಕೇಳಿದೆ.
ವಾಪಸು ಬಂದು ನೋಟ್‌ಬುಕ್ಕನ್ನು ತಲೆಕೆಳಗೆ ಮಾಡಿ
ಹಿಂದಿನಿಂದ ಇನ್ನೊಂದು ಲೆಕ್ಕ ತೆರೆದೆ:
ತುಂಗಮ್ಮ, ಹತ್ತೊಂಬತ್ತು.
ಇನ್ಸುಲಿನ್, ಎಂಟೂ ಇಪ್ಪತ್ತು. ಅರ್ಧ ಊಟ ಬಿಟ್ಟಿದ್ದಾಳೆ.
ಸಿಸ್ಟರಿಗೆ ಹೇಳಿದೆ.

ಮಬ್ಬು ಬೆಳಕಲ್ಲಿ ಚಿಕ್ಕಮ್ಮನ ಹೆಬ್ಬೆರಳು
ಹೊದಿಕೆಯ ಅಂಚಿನ ಮೇಲೆ ಆಡುತ್ತಿತ್ತು.
ನಿಂತಿತು.
ಮತ್ತೆ ಮೊದಲಿಂದ ಆಡತೊಡಗಿತು.